ಜೂಜು ಜೀವನೋಪಾಯವಾಗಬಲ್ಲುದೇ?

ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿಯಲ್ಲಿ ಆಷಾಢ ಮಾಸದಲ್ಲಿ ವೆಂಕಟರಮಣಸ್ವಾಮಿಯ ರಥೋತ್ಸವ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಜನ ಸೇರುತ್ತಾರೆ. ಜನ ಸೇರಿದಲ್ಲಿ ವ್ಯಾಪಾರ. ಬಳೆ, ಬತ್ತಾಸು, ಕಡ್ಲೆಪುರಿ, ಮಕ್ಕಳ ಆಟಿಕೆಗಳ ಅಂಗಡಿಗಳು ಸಾಲಾಗಿ ಏಳುತ್ತವೆ. ನನ್ನ ಮಿತ್ರರೊಬ್ಬರು ಊರೂರಿನ ಜಾತ್ರೆ, ಉರೂಸುಗಳಲ್ಲಿ ಬಳೆ ಮಾರಿ ಸಂಸಾರ ಸಾಗಿಸಿದವರು. 2025ರ ಆಷಾಢದಲ್ಲಿ ಅವರು ನನ್ನನ್ನು ಅಲ್ಲಿಗೆ ಕರೆಸಿಕೊಂಡರು. ಜಾತ್ರೆ ನೋಡಲೆಂದಲ್ಲ, ಮಗನಿಗೆ ನಾಲ್ಕು ಮಾತು ಹೇಳಲೆಂದು.

ಮಗ ಪದವೀಧರ. ನಮಾಝ್ ತಪ್ಪಿಸದ ಹುಡುಗ. ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸವನ್ನು ಬಿಟ್ಟು ಎರಡು ತಿಂಗಳಾಗಿತ್ತು. ಮೊಬೈಲಿನಲ್ಲಿ ಹಣ ಕಟ್ಟಿ ರಮ್ಮಿ ಆಡುವುದನ್ನೇ ಇನ್ನು ಮುಂದೆ ತನ್ನ ಉದ್ಯೋಗ ಮಾಡಿಕೊಳ್ಳುವುದಾಗಿ ಅವನು ಮನೆಯಲ್ಲಿ ಹೇಳಿದ್ದ. ಅಂಗಡಿಯ ಹಿಂದೆ ಗೋಣಿಚೀಲದ ಮೇಲೆ ಕುಳಿತು ಅವನು ನನಗೆ ತನ್ನ ವಾದವನ್ನು ಮುಂದಿಟ್ಟ.

"ಚಾಚಾ, ನಾನು ಯಾರ ಮನೆಗೂ ಕನ್ನ ಹಾಕುತ್ತಿಲ್ಲ. ಎದುರಿಗೆ ಆಡುವವನು ಒಪ್ಪಿಯೇ ಹಣ ಇಡುತ್ತಾನೆ. ಇದು ಅದೃಷ್ಟದ ಆಟವಲ್ಲ, ತಲೆಯ ಆಟ. ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಅಬ್ಬಾನ ವ್ಯಾಪಾರದಲ್ಲಿ ಜೂಜಿಲ್ಲವೇ? ನಾಳೆ ಮಳೆ ಹೊಡೆದರೆ ಜಾತ್ರೆ ಕೆಟ್ಟಿತು, ಹಾಕಿದ ದುಡ್ಡು ನೀರು ಪಾಲು. ಗೆದ್ದ ಹಣದಲ್ಲಿ ನಾನು ತಂಗಿಯ ಮದುವೆ ಮಾಡುತ್ತೇನೆ, ಬಡವರಿಗೂ ಕೊಡುತ್ತೇನೆ. ಇದರಲ್ಲಿ ತಪ್ಪೇನು, ನೀವೇ ಹೇಳಿ."

"ಜೂಜು ಹರಾಮ್" ಎಂದು ಒಂದೇ ಮಾತು ಹೇಳಿ ನಾನು ಎದ್ದುಬರಬಹುದಿತ್ತು. ಅದು ಸತ್ಯವೂ ಹೌದು. ಅಲ್‌ಮಾಇದ ಅಧ್ಯಾಯದ 90 ಮತ್ತು 91ನೇ ಸೂಕ್ತಗಳಲ್ಲಿ ಅಲ್ಲಾಹನು ಮದ್ಯದೊಂದಿಗೆ ಜೂಜನ್ನೂ ಶೈತಾನನ ಹೊಲಸು ಕೆಲಸಗಳ ಸಾಲಿಗೆ ಸೇರಿಸಿ, ಅದರಿಂದ ದೂರವಿರಬೇಕೆಂದು ಆಜ್ಞಾಪಿಸಿದ್ದಾನೆ. ವಿಶ್ವಾಸಿಗೆ ಅಷ್ಟು ಸಾಕು. ಆದರೆ ಪವಿತ್ರ ಕುರ್‌ಆನ್ ಆಜ್ಞೆಯನ್ನು ಮಾತ್ರ ಕೊಟ್ಟು ಸುಮ್ಮನಾಗಿಲ್ಲ. ಜೂಜು ಜನರ ನಡುವೆ ಹಗೆ ಬಿತ್ತುತ್ತದೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುತ್ತದೆ ಎಂದು ಕಾರಣವನ್ನೂ ತಿಳಿಸಿದೆ. ಅಲ್‌ಬಕರ ಅಧ್ಯಾಯದ 219ನೇ ಸೂಕ್ತವಂತೂ ಜೂಜಿನಲ್ಲಿ ಜನರಿಗೆ ಕೆಲವು ಲಾಭಗಳಿವೆ ಎಂಬುದನ್ನು ಒಪ್ಪಿಕೊಂಡೇ, ಅದರ ಪಾಪವು ಲಾಭಕ್ಕಿಂತ ದೊಡ್ಡದೆಂದು ತೂಗಿ ಹೇಳುತ್ತದೆ. ಎದುರಾಳಿಯ ಮಾತಿನಲ್ಲಿರುವ ಸತ್ಯಾಂಶವನ್ನು ಅಲ್ಲಗಳೆಯದೆ ಉತ್ತರಿಸುವ ಈ ಕ್ರಮ ನಮಗೂ ಪಾಠವಾಗಬೇಕು. ಯುವಕರು ಪ್ರಶ್ನೆ ಕೇಳಿದಾಗ ಗದರಿಸಿ ಕಳುಹಿಸಿದರೆ ಅವರು ಉತ್ತರವನ್ನು ಬೇರೆ ಕಡೆ ಹುಡುಕುತ್ತಾರೆ. ಆದುದರಿಂದ ಆ ಹುಡುಗನ ಒಂದೊಂದು ಮಾತನ್ನೂ ಇಲ್ಲಿ ಪರಿಶೀಲಿಸೋಣ.

ಹೊಟ್ಟೆ ತುಂಬುವುದೇ?

ಮೊದಲು ಲೌಕಿಕ ಲೆಕ್ಕವನ್ನೇ ನೋಡೋಣ. ನಮ್ಮ ಊರುಗಳಲ್ಲಿ ಬಹುಕಾಲದಿಂದ ಪಿಡುಗಾಗಿರುವ ಓ.ಸಿ. ಚೀಟಿಯನ್ನು ತೆಗೆದುಕೊಳ್ಳಿ. ನ್ಯೂಯಾರ್ಕಿನ ಹತ್ತಿಯ ಧಾರಣೆಯ ಮೇಲೆ ಮುಂಬೈಯಲ್ಲಿ ಕಟ್ಟುತ್ತಿದ್ದ ಬಾಜಿಯಿಂದ ಹುಟ್ಟಿ, 1960ರ ದಶಕದಲ್ಲಿ ಮಟ್ಕಾ ಎಂಬ ಹೆಸರಿನಿಂದ ಹಬ್ಬಿದ ಆಟವಿದು. ಸೊನ್ನೆ ಸೊನ್ನೆಯಿಂದ 99ರವರೆಗೆ ನೂರು ಸಂಖ್ಯೆಗಳು. ಒಂದು ರೂಪಾಯಿ ಕಟ್ಟಿದವನ ಸಂಖ್ಯೆ ಬಂದರೆ 80 ರೂಪಾಯಿ ಕೊಡುತ್ತಾರೆಂದು ಇಟ್ಟುಕೊಳ್ಳಿ. ಕೇಳಲು ಆಸೆ ಹುಟ್ಟಿಸುವ ಮಾತು. ಆದರೆ ನೂರು ಸಂಖ್ಯೆಗಳಿಗೂ ಒಂದೊಂದು ರೂಪಾಯಿ ಕಟ್ಟಿದರೆ ಕೈಯಿಂದ ಹೋಗುವುದು 100, ಮರಳಿ ಬರುವುದು 80. ಹೇಗೆ ಆಡಿದರೂ ಬಹುಕಾಲದಲ್ಲಿ ನೂರಕ್ಕೆ ಇಪ್ಪತ್ತು ಚೀಟಿ ಬರೆಯುವವನ ಹಿಂದಿರುವ ಧಣಿಗೆ ಸಲ್ಲುತ್ತದೆ. ಯಾವ ಕನಸೂ, ಯಾವ ಶಕುನವೂ ಈ ಲೆಕ್ಕವನ್ನು ತಿದ್ದಲಾರದು.

ಹಣ ಕಟ್ಟಿ ಆಡುವ ಮೊಬೈಲ್ ರಮ್ಮಿಯಲ್ಲಿ ಲೆಕ್ಕ ಸ್ವಲ್ಪ ಬೇರೆ, ಫಲ ಒಂದೇ. ಪ್ರತಿ ಆಟದಲ್ಲೂ ಕಂಪನಿ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ಆಡಿದವರೆಲ್ಲರೂ ಸೇರಿ ತಂದ ಹಣಕ್ಕಿಂತ ಆಡಿದವರೆಲ್ಲರೂ ಸೇರಿ ಒಯ್ಯುವ ಹಣ ಯಾವಾಗಲೂ ಕಡಿಮೆ. ಹಣದ ಆನ್‌ಲೈನ್ ಆಟಗಳಲ್ಲಿ ದೇಶದ ಸುಮಾರು 45 ಕೋಟಿ ಜನರು ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂದು 2025ರಲ್ಲಿ ಕೇಂದ್ರ ಸರಕಾರವೇ ಅಂದಾಜು ಹೇಳಿತು.

"ಎಲ್ಲರೂ ಸೋಲಬಹುದು, ನಾನು ಬುದ್ಧಿವಂತ" ಎನ್ನುವವರಿಗೆ ಇನ್ನೊಂದು ನಿದರ್ಶನ. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಇಸ್ಪೀಟಿನ ಒಂದು ಆಟದಲ್ಲಿ ಎಲೆಗಳ ಲೆಕ್ಕವಿಟ್ಟು ಕೆಸಿನೊವನ್ನು ಸೋಲಿಸುವ ಉಪಾಯವನ್ನು ಕಂಡುಹಿಡಿದು 1962ರಲ್ಲಿ ಪುಸ್ತಕವನ್ನೇ ಬರೆದರು. ಆ ಲೆಕ್ಕ ಸರಿಯಾಗಿಯೇ ಇತ್ತು. ಆಗ ಕೆಸಿನೊಗಳು ಮಾಡಿದ್ದೇನು? ಅಂತಹ ಲೆಕ್ಕ ಬಲ್ಲವರನ್ನು ಗುರುತಿಸಿ ಬಾಗಿಲಿನಿಂದಲೇ ಹೊರಗಟ್ಟಿದವು. ಸೋಲುವವನಿಗೆ ಸ್ವಾಗತ, ಸದಾ ಗೆಲ್ಲುವವನಿಗೆ ಪ್ರವೇಶವಿಲ್ಲ. ಇದನ್ನು ಉದ್ಯೋಗವೆನ್ನಬಹುದೇ?

ಜಾತ್ರೆ ಮುಗಿದು ತಿಂಗಳು ಕಳೆಯುವಷ್ಟರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆ ಸಂಸತ್ತಿನಲ್ಲಿ ಅಂಗೀಕಾರವಾಯಿತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಯವರ ಅಂಕಿತವೂ ಬಿದ್ದಿತು. ದೊಡ್ಡ ದೊಡ್ಡ ಕಂಪನಿಗಳೇ ಹಣದಾಟವನ್ನು ನಿಲ್ಲಿಸಿದವು. ನನ್ನ ಮಿತ್ರರ ಮಗನ "ಉದ್ಯೋಗ" ಒಂದೇ ವಾರದಲ್ಲಿ ಮಾಯವಾಯಿತು. ಆದರೆ ಚಟ ಮಾಯವಾಗಲಿಲ್ಲ. ಅವನು ಷೇರುಪೇಟೆಯ ಆಪ್ಷನ್ ವಹಿವಾಟಿಗೆ ಇಳಿದ. ಇಂದು ಏರುವುದೋ ಇಳಿಯುವುದೋ ಎಂದು ಗಂಟೆಗಂಟೆಗೆ ಹಣ ಕಟ್ಟುವ ವಹಿವಾಟದು.

ಒಂದು ಕಂಪನಿಯ ಪಾಲನ್ನು ಕೊಂಡು ಅದರ ಲಾಭನಷ್ಟಗಳಲ್ಲಿ ಭಾಗಿಯಾಗುವುದು ಬೇರೆ, ಆ ಪಾಲಿನ ಬೆಲೆಯ ಏರಿಳಿತದ ಮೇಲೆ ಬಾಜಿ ಕಟ್ಟುವುದು ಬೇರೆ. ಆಪ್ಷನ್ ಕರಾರುಗಳು ಶರೀಅತ್ತಿಗೆ ಸಮ್ಮತವಲ್ಲವೆಂದು ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1992ರಲ್ಲಿಯೇ ನಿರ್ಣಯಿಸಿದೆ. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ನೋಡಿ. ಇಂತಹ ವಹಿವಾಟಿಗೆ ಇಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷಗಳಲ್ಲಿ ನಷ್ಟವನ್ನೇ ಕಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಖರ್ಚು ಕಳೆದು 1 ಲಕ್ಷ ರೂಪಾಯಿಗಿಂತ ಅಧಿಕ ಲಾಭ ಕಂಡವರು ನೂರಕ್ಕೆ ಒಬ್ಬರು. ಇನ್ನೂ ಬೆಚ್ಚಿಬೀಳಿಸುವ ಅಂಶವೆಂದರೆ, ಸತತ ಎರಡು ವರ್ಷ ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಮತ್ತೆಯೂ ಅದನ್ನೇ ಮುಂದುವರಿಸಿದರು.

ಜಾಣ್ಮೆಯ ಪ್ರಶ್ನೆ

"ಇದು ತಲೆಯ ಆಟ" ಎಂಬುದು ಹುಡುಗನ ಮುಖ್ಯ ಆಧಾರವಾಗಿತ್ತು. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ರಮ್ಮಿಯಲ್ಲಿ ಅದೃಷ್ಟಕ್ಕಿಂತ ಜಾಣ್ಮೆಯ ಪಾಲು ಹೆಚ್ಚೆಂದು ಸುಪ್ರೀಂ ಕೋರ್ಟು 1960ರ ದಶಕದಲ್ಲಿ ಆಂಧ್ರಪ್ರದೇಶದ ಒಂದು ಮೊಕದ್ದಮೆಯಲ್ಲಿ ಹೇಳಿದ್ದುಂಟು. ಆದರೆ ಹಣವಿಟ್ಟು ಆಡುವ ಆಟದಿಂದ ಆಡಿಸುವವನು ಲಾಭ ಹೊಡೆಯುತ್ತಿದ್ದರೆ ಅಪರಾಧವಾಗಬಹುದು ಎಂಬ ಮಾತು ಅದೇ ತೀರ್ಪಿನಲ್ಲಿದೆ. ಅದನ್ನು ಜಾಹೀರಾತುಗಳು ಹೇಳುತ್ತಿರಲಿಲ್ಲ. ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಆನ್‌ಲೈನ್ ಹಣದಾಟವನ್ನು ನಿಷೇಧಿಸಿದಾಗ, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಹೀಗೆ ಜಾಣ್ಮೆಯೋ ಅದೃಷ್ಟವೋ ಎಂಬ ತಕರಾರಿನಲ್ಲೇ ವರ್ಷಗಳು ಕಳೆದವು. 2025ರ ಕಾಯಿದೆಯಾದರೋ ಆ ಪ್ರಶ್ನೆಯನ್ನೇ ಬದಿಗಿಟ್ಟಿತು. ಜಾಣ್ಮೆಯಾಗಲಿ ಅದೃಷ್ಟವಾಗಲಿ, ಗೆದ್ದು ಹಣ ಪಡೆಯುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ಅದು ನಿಷೇಧಿಸಿತು. ಅದನ್ನು ಪ್ರಶ್ನಿಸಿ ಕಂಪನಿಗಳು ನ್ಯಾಯಾಲಯದ ಮೆಟ್ಟಿಲನ್ನೂ ಏರಿದವು.

ಕಾನೂನು ಬದಲಾಗಬಹುದು. ಇಂದು ನಿಷಿದ್ಧವಾದುದು ನಾಳೆ ಅನುಮತಿ ಪಡೆಯಬಹುದು. ವಿಶ್ವಾಸಿಯ ನಡತೆಯು ಆ ಏರಿಳಿತವನ್ನು ಅವಲಂಬಿಸಿರಬಾರದು. ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಜಾಣ್ಮೆಯಿದ್ದ ಮಾತ್ರಕ್ಕೆ ಸಂಪಾದನೆ ಶುದ್ಧವಾಗುತ್ತದೆಯೇ? ಜೇಬುಗಳ್ಳನ ಬೆರಳಿಗೂ ಜಾಣ್ಮೆಯಿದೆ. ಸುಳ್ಳು ದಸ್ತಾವೇಜು ಬರೆಯುವವನಿಗೂ ಅಕ್ಷರಜ್ಞಾನವಿದೆ. ಜಾಣ್ಮೆಯು ಅಲ್ಲಾಹನು ಕೊಟ್ಟ ಒಂದು ಅಮಾನತ್ತು. ಅದನ್ನು ಯಾವುದಕ್ಕೆ ಬಳಸಿದೆವೆಂಬುದೇ ವಿಚಾರ.

ಇಲ್ಲಿ 1957ರ ಒಂದು ತೀರ್ಪನ್ನು ನೆನೆಯುವುದು ಸೂಕ್ತ. ಆಗಿನ ಮೈಸೂರು ರಾಜ್ಯದ ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ಒಂದು ವಾರಪತ್ರಿಕೆಯ ಮೂಲಕ ಪದಬಂಧದ ಬಹುಮಾನ ಸ್ಪರ್ಧೆ ನಡೆಯುತ್ತಿತ್ತು. ಮುಂಬೈ ಸರಕಾರ ಅದರ ಮೇಲೆ ನಿಯಂತ್ರಣ ಮತ್ತು ತೆರಿಗೆ ಹೇರಿದಾಗ, "ಇದು ನಮ್ಮ ವ್ಯಾಪಾರ, ವ್ಯಾಪಾರ ಮಾಡುವ ಹಕ್ಕು ಸಂವಿಧಾನದಲ್ಲಿದೆ" ಎಂದು ನಡೆಸುವವರು ವಾದಿಸಿದರು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಪ್ಪಲಿಲ್ಲ. ಜೂಜು ವ್ಯಾಪಾರವೆಂಬ ಮರ್ಯಾದೆಗೆ ಅರ್ಹವಲ್ಲ, ಅದು ವ್ಯಾಪಾರದ ಬೇಲಿಯ ಹೊರಗಿನದು ಎಂಬುದು ತೀರ್ಪಿನ ಸಾರ. ಋಗ್ವೇದ, ಮಹಾಭಾರತಗಳ ಕಾಲದಿಂದಲೂ ಈ ನೆಲ ಜೂಜನ್ನು ಖಂಡಿಸಿದೆಯೆಂದು ನ್ಯಾಯಮೂರ್ತಿಗಳು ನೆನಪಿಸಿದರು. ಪಗಡೆಯ ಪಣದಲ್ಲಿ ರಾಜ್ಯವನ್ನೂ ಮಡದಿಯನ್ನೂ ಇಟ್ಟ ಧರ್ಮರಾಯನ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಆತ ಮೂಢನಾಗಿರಲಿಲ್ಲ, ಧರ್ಮ ಬಲ್ಲವನೆಂದೇ ಹೆಸರಾಗಿದ್ದವನು. ಒಳ್ಳೆಯತನವೂ ಜೂಜಿನ ಎದುರು ರಕ್ಷಣೆಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ವ್ಯಾಪಾರವೂ ಜೂಜೇ?

ಹುಡುಗನ ಮೂರನೆಯ ಮಾತು ಹೆಚ್ಚು ಗಂಭೀರವಾದುದು. ನಷ್ಟದ ಭಯವಿಲ್ಲದ ದುಡಿಮೆ ಯಾವುದಿದೆ? ಅರಸೀಕೆರೆ ತಾಲೂಕಿನ ತೆಂಗು ಬೆಳೆಗಾರರನ್ನೇ ನೋಡಿ. ಮಳೆ ಕೈಕೊಡುತ್ತದೆ. ನುಸಿಪೀಡೆ ಬರುತ್ತದೆ. ಕಾಯಿಗಳನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಕಾಯ್ದು ಉಂಡೆ ಕೊಬ್ಬರಿ ಮಾಡಿ ಮಾರುಕಟ್ಟೆಗೆ ಒಯ್ದರೆ ಧಾರಣೆ ಕುಸಿದಿರುತ್ತದೆ. ಇದೂ ಅದೃಷ್ಟದ ಆಟವಲ್ಲವೇ?

ಅಲ್ಲ. ರೈತನ ಅಪಾಯವನ್ನು ರೈತ ಹುಟ್ಟಿಸಿದ್ದಲ್ಲ. ಮಳೆ, ಬಿಸಿಲು, ಬೇಡಿಕೆಗಳ ಅನಿಶ್ಚಯ ಈ ಲೋಕದಲ್ಲಿ ಇದ್ದೇ ಇದೆ. ಅದನ್ನು ಹೊತ್ತುಕೊಂಡು ಅವನು ಜನರಿಗೆ ಬೇಕಾದ ಒಂದು ವಸ್ತುವನ್ನು ಬೆಳೆಯುತ್ತಾನೆ. ಧಾರಣೆ ಬಿದ್ದರೂ ಆ ಕೊಬ್ಬರಿ ಯಾರದೋ ಮನೆಯ ಅಡುಗೆಗೆ ಒದಗುತ್ತದೆ. ಮಳೆ ಬಂದು ಜಾತ್ರೆ ಕೆಟ್ಟರೂ ಮಾರಾಟವಾದ ಒಂದು ಡಜನ್ ಬಳೆ ಒಂದು ಹೆಣ್ಣುಮಗುವಿನ ಕೈಯಲ್ಲಿ ಉಳಿಯುತ್ತದೆ. ಬಳೆ ಕೊಂಡವಳಿಗೆ ಸಂತೋಷ, ಮಾರಿದವನಿಗೆ ಅನ್ನ. ಜೂಜಿನಲ್ಲಾದರೋ ಇಲ್ಲದ ಅಪಾಯವನ್ನು ನಾವೇ ಕೂಡಿಸಿ ಸೃಷ್ಟಿಸುತ್ತೇವೆ. ರಾತ್ರಿಯಿಡೀ ಆಡಿ ಬೆಳಗಾದಾಗ ಲೋಕಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚಾಗಿರುವುದಿಲ್ಲ, ಒಂದು ಗೋಡೆಗೆ ಒಂದು ಇಟ್ಟಿಗೆಯೂ ಸೇರಿರುವುದಿಲ್ಲ. ಇದ್ದ ಹಣವೇ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗಿರುತ್ತದೆ. ನಡುವೆ ಆಡಿಸುವವನ ಪಾಲು ಕಳೆದಿರುತ್ತದೆ.

ಇನ್ನೂ ಒಂದು ವ್ಯತ್ಯಾಸವಿದೆ. ಬಳೆಗಾರನು ತನ್ನ ಗಿರಾಕಿಯ ಮನೆ ಚೆನ್ನಾಗಿರಲೆಂದು ಹಾರೈಸಬಲ್ಲ. ಅವರು ಚೆನ್ನಾಗಿದ್ದರೆ ತಾನೇ ಮುಂದಿನ ವರ್ಷವೂ ಬಳೆ ತೊಡುವುದು! ಜೂಜುಗಾರನು ಎದುರಾಳಿಯ ಒಳಿತನ್ನು ಹಾರೈಸಲಾರ. ಅವನು ಸೋಲಬೇಕು. ಸೋತರೂ ಬುದ್ಧಿ ಬರದೆ ನಾಳೆ ಮತ್ತೆ ಬರಬೇಕು. ಆಗ ಮಾತ್ರ ಇವನಿಗೆ ಅನ್ನ. ತನಗಾಗಿ ಬಯಸುವುದನ್ನು ತನ್ನ ಸಹೋದರನಿಗಾಗಿಯೂ ಬಯಸದ ತನಕ ಒಬ್ಬನ ವಿಶ್ವಾಸ ಪೂರ್ಣವಾಗದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದಿನದ ದುಡಿಮೆಯೇ ಸಹೋದರನ ಕೇಡನ್ನು ಬಯಸುವುದಾಗಿದ್ದರೆ ಆ ವಿಶ್ವಾಸದ ಗತಿಯೇನು? ಜೂಜು ಹಗೆಯನ್ನು ಬಿತ್ತುತ್ತದೆಂದು ಕುರ್‌ಆನ್ ಹೇಳಿದ್ದು ಆಟದ ಕೊನೆಯಲ್ಲಾಗುವ ಜಗಳವನ್ನು ಕುರಿತು ಮಾತ್ರವಲ್ಲವೆಂದು ನನಗನಿಸುತ್ತದೆ. ಆಟದ ಆರಂಭದಲ್ಲೇ ಆ ಹಗೆ ಅಡಗಿದೆ.

ಒಪ್ಪಿಗೆಯ ಮಾತೂ ಅಷ್ಟೇ. ಪರಸ್ಪರ ಒಪ್ಪಿಗೆಯ ವ್ಯಾಪಾರವನ್ನು ಅನ್ನಿಸಾ ಅಧ್ಯಾಯದ 29ನೇ ಸೂಕ್ತ ಅನುಮತಿಸಿದೆ, ಅನ್ಯಾಯವಾಗಿ ಪರರ ಸೊತ್ತನ್ನು ತಿನ್ನುವುದನ್ನು ನಿಷೇಧಿಸಿದೆ. ಬಡ್ಡಿಗೆ ಸಾಲ ಪಡೆಯುವವನೂ ಒಪ್ಪಿಯೇ ಹೆಬ್ಬೆಟ್ಟು ಒತ್ತುತ್ತಾನೆ. ಲಂಚ ಕೊಡುವವನೂ ತನ್ನ ಕೈಯಾರೆ ಕೊಡುತ್ತಾನೆ. ಜೂಜಿಗೆ ಕುಳಿತವರು ಗೆಲ್ಲಲು ಒಪ್ಪಿರುತ್ತಾರೆಯೇ ಹೊರತು ಕಳೆದುಕೊಳ್ಳಲು ಯಾರೂ ಮನಃಪೂರ್ವಕ ಒಪ್ಪಿರುವುದಿಲ್ಲ. ಅವನು ಒಪ್ಪಿದರೂ ಅವನ ಹೆಂಡತಿ ಮಕ್ಕಳು ಒಪ್ಪಿದ್ದರೇ? ಆ ಹಣದಲ್ಲಿ ಅವರ ಪಾಲೂ ಇತ್ತಲ್ಲವೇ?

ಗೆದ್ದ ಹಣದ ದಾನ

ಬಡವರಿಗೆ ಕೊಡುತ್ತೇನೆಂಬ ಮಾತು ಹೊಸದಲ್ಲ. ಅಜ್ಞಾನಕಾಲದ ಅರಬರು ಒಂಟೆಯನ್ನು ಕೊಯ್ದು, ಬಾಣಗಳನ್ನು ಎತ್ತಿ ಅದರ ಪಾಲುಗಳನ್ನು ನಿರ್ಧರಿಸುತ್ತಿದ್ದರು. ಬರಿಯ ಬಾಣ ಬಂದವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚಿ ಔದಾರ್ಯದ ಹೆಮ್ಮೆ ಪಡುತ್ತಿದ್ದರು. ಆಡದವನನ್ನು ಜಿಪುಣನೆಂದು ಹಂಗಿಸುತ್ತಿದ್ದರು. ಕುರ್‌ಆನ್ ನಿಷೇಧಿಸಿದ "ಮೈಸಿರ್" ಇದೇ. ಅದರ ಲಾಭ ಬಡವರ ಹೊಟ್ಟೆಗೆ ಹೋಗುತ್ತಿದ್ದರೂ ಅಲ್ಲಾಹನು ಅದನ್ನು ಉಳಿಸಲಿಲ್ಲ. ಒಬ್ಬನನ್ನು ಬಡವನಾಗಿಸಿ ಇನ್ನೊಬ್ಬ ಬಡವನಿಗೆ ಉಣಿಸುವುದು ದಾನವಲ್ಲ.

ನಮ್ಮ ಸರಕಾರಗಳೂ ಇದೇ ತಪ್ಪನ್ನು ಮಾಡಿದವು. ಜನಹಿತಕ್ಕೆ ಆದಾಯ ಬರುತ್ತದೆಂದು ದಶಕಗಳ ಕಾಲ ಲಾಟರಿ ನಡೆಸಲಾಯಿತು. ಬಸ್ ನಿಲ್ದಾಣಗಳಲ್ಲಿ ಕೂಲಿಕಾರರು ದಿನದ ಸಂಬಳವನ್ನು ಟಿಕೆಟಿಗೆ ಸುರಿಯುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಕಡೆಗೆ 2007ರಲ್ಲಿ ಕರ್ನಾಟಕ ಸರಕಾರ ಲಾಟರಿಯನ್ನು ನಿಷೇಧಿಸಿತು. ಪುನರುತ್ಥಾನ ದಿನದಂದು ಸಂಪತ್ತಿನ ಬಗ್ಗೆ ಎರಡು ಪ್ರಶ್ನೆಗಳಿವೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ: ಎಲ್ಲಿಂದ ಗಳಿಸಿದೆ, ಯಾವುದಕ್ಕೆ ಖರ್ಚು ಮಾಡಿದೆ. ಎರಡನೆಯದರ ಉತ್ತರ ಚೆನ್ನಾಗಿದ್ದರೆ ಮೊದಲನೆಯದು ಮಾಫಿಯಾಗುವುದಿಲ್ಲ.

ನಮ್ಮ ಹೊಣೆ

ಆ ಹುಡುಗನನ್ನು ಮಾತ್ರ ದೂರಿ ಲೇಖನ ಮುಗಿಸಿದರೆ ಅದು ನ್ಯಾಯವಾಗದು. ಅವನೇಕೆ ಈ ದಾರಿ ಹಿಡಿದ? ಅಂಗಡಿಯ ಸಂಬಳದಲ್ಲಿ ತಂಗಿಯ ಮದುವೆಯಾಗದು ಎಂಬ ಚಿಂತೆ. ಹುಡುಗನ ಕಡೆಯವರ ಬೇಡಿಕೆ, ಶಾದಿಮಹಲು, ನೂರಾರು ಜನರ ಬಿರಿಯಾನಿ. ಇದನ್ನೆಲ್ಲ ಧರ್ಮ ಕೇಳಿದ್ದೇ, ನಾವು ಕೇಳಿದ್ದೇ? ಹಲಾಲಾದ ದುಡಿಮೆಯಿಂದ ಪೂರೈಸಲಾಗದಷ್ಟು ಭಾರವನ್ನು ಯುವಕರ ಹೆಗಲ ಮೇಲೆ ಹೊರಿಸಿ, ಅವರು ಅಡ್ಡದಾರಿ ಹಿಡಿದಾಗ ಮಿಂಬರ್‌ನಿಂದ ಬೈದರೆ ಸಾಕೇ? ಅಷ್ಟೇ ಅಲ್ಲ, ಸಣ್ಣ ಕೆಲಸವನ್ನು ನಾವು ಕೀಳಾಗಿ ಕಾಣುತ್ತೇವೆ. ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಎಲ್ಲವನ್ನೂ ಬಿಟ್ಟು ಮದೀನಕ್ಕೆ ಬಂದಾಗ ಅನ್ಸಾರಿ ಸಹೋದರರೊಬ್ಬರು ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರು ಅದಕ್ಕೆ ಬರಕತ್ತನ್ನು ಹಾರೈಸಿ, ಮಾರುಕಟ್ಟೆಯ ದಾರಿ ಕೇಳಿದರು. ಬೆಣ್ಣೆ, ಗಿಣ್ಣುಗಳ ವ್ಯಾಪಾರದಿಂದ ಬದುಕನ್ನು ಕಟ್ಟಿಕೊಂಡರು. ಸ್ವಂತ ಕೈಯ ದುಡಿಮೆಯ ಊಟಕ್ಕಿಂತ ಉತ್ತಮವಾದ ಊಟವಿಲ್ಲವೆಂದೂ, ಪ್ರವಾದಿ ದಾವೂದ್(ಅ) ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ.

ಮನೆಯಲ್ಲಿ ಯಾರಾದರೂ ಈ ಬಲೆಗೆ ಬಿದ್ದಿದ್ದರೆ ತಾಯಂದಿರೇ, ತಂದೆಯಂದಿರೇ, ಮುಚ್ಚಿಡಬೇಡಿ, ಮನೆಯಿಂದ ಹೊರಹಾಕಲೂ ಬೇಡಿ. ಸಾಲವೆಷ್ಟೆಂದು ಮೃದುವಾಗಿ ಕೇಳಿ. ಕೈಗೆ ಮತ್ತೆ ಹಣ ಕೊಡದೆ ಸಾಲವನ್ನು ನೀವೇ ಸ್ವಲ್ಪ ಸ್ವಲ್ಪವಾಗಿ ತೀರಿಸಿ. ಬಿಡಬೇಕೆಂದರೂ ಬಿಡಲಾಗದ ಜೂಜನ್ನು ವೈದ್ಯಶಾಸ್ತ್ರ ಒಂದು ಕಾಯಿಲೆಯೆಂದೇ ಗುರುತಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಗೀಳಿಗೆಂದೇ 2014ರಲ್ಲಿ ಚಿಕಿತ್ಸಾಲಯವೊಂದು ಆರಂಭವಾಗಿದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಉಚಿತ ಸಲಹೆ ಪಡೆಯಬಹುದು. ದುಆ ಮಾಡುವುದರ ಜೊತೆಗೆ ಮದ್ದು ಹುಡುಕುವುದೂ ನಮ್ಮ ಧರ್ಮದ ಶಿಕ್ಷಣವೇ ಆಗಿದೆ.

ಆ ವರ್ಷದ ಕೊನೆಯಲ್ಲಿ ಹುಡುಗ ನನ್ನ ಮನೆಗೆ ಬಂದ. ಕೈಯಲ್ಲಿ ಒಂದು ನೋಟು ಪುಸ್ತಕ. ಲೆಕ್ಕ ಬಲ್ಲವನಾದುದರಿಂದ ಗೆದ್ದುದನ್ನೂ ಸೋತುದನ್ನೂ ದಿನಾಂಕ ಸಹಿತ ಬರೆದಿದ್ದ. ಒಟ್ಟು ಕೂಡಿದಾಗ ನಷ್ಟವೇ ಇತ್ತು. ಆದರೂ ಅವನ ಬೆರಳು ಗೆದ್ದ ದಿನಗಳ ಮೇಲೆಯೇ ಓಡಾಡುತ್ತಿತ್ತು. ನಾನು ಒಂದು ದಿನದ 3,200 ರೂಪಾಯಿಯನ್ನು ತೋರಿಸಿ ಕೇಳಿದೆ: "ಬೇಟಾ, ನಿನ್ನ ಅಬ್ಬಾನ ಲೆಕ್ಕದ ಪುಸ್ತಕದಲ್ಲಿ ಯಾರು ಎಷ್ಟು ಕೊಟ್ಟರೆಂದು ಹೆಸರಿರುತ್ತದೆ. ಇದು ಯಾರ ಹಣ?"

"ಗೊತ್ತಿಲ್ಲ ಚಾಚಾ. ಯಾರೋ ಒಬ್ಬರದು."

"ಅವನಿಗೂ ಮದುವೆಯಾಗಬೇಕಾದ ತಂಗಿ ಇದ್ದಿರಬಹುದಲ್ಲವೇ?"

ಅವನು ಬಹಳ ಹೊತ್ತು ಮಾತಾಡಲಿಲ್ಲ. ನಂತರ ಪುಸ್ತಕವನ್ನು ಮುಚ್ಚಿದ. ಈಗ ಮತ್ತೆ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಿದ್ದಾನೆ. ಸಾಲ ಇನ್ನೂ ತೀರಿಲ್ಲ, ಆಸೆಯೂ ಪೂರ್ತಿ ಸತ್ತಿಲ್ಲವೆಂದು ಅವನೇ ಹೇಳುತ್ತಾನೆ. ಅಲ್ಲಾಹನು ಅವನನ್ನು ಸ್ಥಿರವಾಗಿಡಲಿ.

ಜೂಜು ಜೀವನೋಪಾಯವಾಗಬಲ್ಲುದೇ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಅನ್ನ ಕೊಡುವುದಿಲ್ಲ. ಉಳಿದ ಕೆಲವರಿಗೆ ಕೊಡುವ ಅನ್ನವು ಇನ್ನೊಬ್ಬರ ತಟ್ಟೆಯಿಂದ ಎತ್ತಿದ್ದು. ಜೂಜಿನ ಕುರಿತ ಅಲ್‌ಮಾಇದದ ಸೂಕ್ತವು, ಇನ್ನಾದರೂ ನೀವು ಇದನ್ನು ಬಿಡುವಿರಾ ಎಂಬ ಪ್ರಶ್ನೆಯೊಂದಿಗೆ ಮುಗಿಯುತ್ತದೆ. ಅದನ್ನು ಕೇಳಿದ ಹಝ್ರತ್ ಉಮರ್(ರ) ಬಿಟ್ಟೆವು ಎಂದು ಉತ್ತರಿಸಿದರೆಂದು ವರದಿಯಾಗಿದೆ. ಆ ಪ್ರಶ್ನೆ ಇಂದು ನಮ್ಮ ಮನೆಗಳಲ್ಲಿ, ನಮ್ಮ ಮಕ್ಕಳ ಅಂಗೈಯ ಮೊಬೈಲಿನ ಮುಂದೆ ನಿಂತಿದೆ. ನಮ್ಮ ಉತ್ತರವೇನು?